ನನ್ನ ಮೇಲೆ ಕೇಸು ಹಾಕಿ ಅಂತ ಹೇಳಲು ಹೋಗಿದ್ದು

ನವೆಂಬರ್ 16, 2025, ಭಾನುವಾರ
ಮೈಸೂರು

ಅಪಘಾತವಾಗಿ ಇವತ್ತಿಗೆ ಹತ್ತು ದಿನ. ಕಾರು ಶುಕ್ರವಾರ ಸ್ಟೇಷನ್ನಿನಿಂದ ಮನೆಗೆ ಬಂತು. ಕವರ್ ಹೊದ್ದುಕೊಂಡು ನಿಂತಿದೆ. ಕೀ ಮುಟ್ಟಲು ಇನ್ನೂ ಮನಸ್ಸಾಗಿಲ್ಲ.

ಮೊದಲು ತಪ್ಪು ಬರೆದುಬಿಡುತ್ತೇನೆ. ಬೋಗಾದಿ ರಸ್ತೆಯಲ್ಲಿ ಬಲಕ್ಕೆ ತಿರುಗಬೇಕಿತ್ತು. ಇಂಡಿಕೇಟರ್ ಹಾಕಿದೆ, ತಿರುಗಿಸಿದೆ. ಇಂಡಿಕೇಟರ್ ಹಾಕಿದರೆ ರಸ್ತೆ ನಮ್ಮ ಹೆಸರಿಗೆ ಖಾತೆ ಆದ ಹಾಗೆ ಅಂದುಕೊಂಡಿರುತ್ತೇವೆ, ಅಲ್ವಾ? ಎದುರಿನಿಂದ ಬೈಕು ಬರುತ್ತಿತ್ತು. 'ಕಾಣಲಿಲ್ಲ' ಅಂತ ಪೊಲೀಸರಿಗೆ ಹೇಳಿದೆ. ನಿಜ ಹೇಳಬೇಕೆಂದರೆ ನಾನು ನೋಡಲೇ ಇಲ್ಲ.

ಬೈಕಿನಲ್ಲಿದ್ದವರು ಪೇಂಟರ್. ಐವತ್ತರ ಆಸುಪಾಸು. ಹೆಲ್ಮೆಟ್ ಇತ್ತು, ತಲೆ ಉಳಿಯಿತು. ಆದರೆ ಬಲಗೈ ಊರಿ ಬಿದ್ದರು. ಬ್ರಶ್ಶುಗಳು ರಸ್ತೆ ತುಂಬ ಚೆಲ್ಲಿದವು. ಜನ ಸೇರಿದರು. "ಐದು ಸಾವಿರ ಕೊಟ್ಟು ಮುಗಿಸಿ ಸಾರ್, ಸ್ಟೇಷನ್ನು ಗೀಷನ್ನು ಅಂತ ಯಾಕೆ ಅಲೀತೀರಾ" ಅಂದರು ಒಬ್ಬರು. ಪೇಂಟರ್ ಕೂಡ ಹೂಂ ಅಂದರು. ಸುಳ್ಳು ಹೇಳುವುದಿಲ್ಲ, ನನಗೆ ಹಾಯೆನಿಸಿತು. ಪರ್ಸ್ ತೆಗೆದೆ. ನೋಟು ತೆಗೆದುಕೊಳ್ಳಲು ಅವರು ಬಲಗೈ ಚಾಚಿದರು. ಬೆರಳು ಮಡಚಲಿಲ್ಲ.

ಆಮೇಲೆ ದೊಡ್ಡಾಸ್ಪತ್ರೆ. ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿತ್ತು. ರಸ್ತೆ ಅಪಘಾತ ಅಂದ ಕೂಡಲೇ ಡಾಕ್ಟರು ಎಂಎಲ್‌ಸಿ ಬರೆದರು, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು ಅಂತ ದಾಖಲಿಸಿದರು, ಪೊಲೀಸರಿಗೆ ಸುದ್ದಿ ಹೋಯಿತು. ಸಂಜೆ ನಾನು ಟ್ರಾಫಿಕ್ ಸ್ಟೇಷನ್ನಿನ ಬೆಂಚಿನ ಮೇಲಿದ್ದೆ.

ಎಫ್‌ಐಆರ್‌ನಲ್ಲಿ ಬಿದ್ದಿದ್ದು ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125(ಬಿ). ಹಳೇ ಐಪಿಸಿಯ 279, 338 ಅಂದರೆ ಜಾಸ್ತಿ ಜನಕ್ಕೆ ಗೊತ್ತಾಗುತ್ತದೆ. 2024ರ ಜುಲೈ 1ರಿಂದ ನಂಬರ್ ಬದಲಾಗಿದೆ. ಅಜಾಗರೂಕ ಚಾಲನೆಗೆ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ತೀವ್ರ ಗಾಯ. ಅದಕ್ಕೆ ಮೂರು ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾಮೀನು ಸಿಗುವ ಸೆಕ್ಷನ್‌ಗಳು, ಹಾಗಾಗಿ ಸಹಿ ಹಾಕಿ ರಾತ್ರಿಯೇ ಮನೆಗೆ ಬಂದೆ. ಮಾರನೇ ದಿನ ಮಹಜರು ಆಯಿತು, ಸ್ಕೆಚ್ ಆಯಿತು. ಆಮೇಲೆ ಬ್ರೇಕ್ ಇನ್‌ಸ್ಪೆಕ್ಟರ್ ಬಂದು ಕಾರು ನೋಡಿದರು. ಬ್ರೇಕ್ ಸರಿಯಿದೆ, ಗಾಡಿಯ ದೋಷದಿಂದ ಆದದ್ದಲ್ಲ ಅಂತ ವರದಿ. ಕಾರಿಗೆ ಕ್ಲೀನ್ ಚಿಟ್ ಸಿಕ್ಕರೆ ಇಷ್ಟು ನಾಚಿಕೆಯಾಗುತ್ತದೆ ಅಂತ ಗೊತ್ತಿರಲಿಲ್ಲ.

ಇನ್ಶೂರೆನ್ಸ್ ಇದೆಯಲ್ಲ, ಎಲ್ಲ ಅವರೇ ನೋಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ವಕೀಲಿ ಮಾಡುವ ಗೆಳೆಯ ನಕ್ಕ. "ಕಂಪನಿ ದುಡ್ಡು ಕಟ್ಟುತ್ತೆ ಕಣೋ, ಕಟಕಟೆಯಲ್ಲಿ ನಿನ್ನ ಬದಲು ನಿಲ್ಲಲ್ಲ." ಆಮೇಲೆ ಬಿಡಿಸಿ ಹೇಳಿದ. ದಾರಿ ಎರಡು. ಒಂದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ಚಾರ್ಜ್‌ಶೀಟ್, ಸಮನ್ಸ್, ಅಲ್ಲಿ ಆರೋಪಿ ಅಂದರೆ ನಾನೊಬ್ಬನೇ. ಇನ್ನೊಂದು ಮೋಟಾರು ಅಪಘಾತ ಪರಿಹಾರದ ಟ್ರಿಬ್ಯುನಲ್‌ಗೆ. ಅಲ್ಲಿ ಪೇಂಟರ್ ಅರ್ಜಿದಾರರು, ನಾನೂ ಕಂಪನಿಯೂ ಎದುರುದಾರರು. ಪರಿಹಾರ ಎಷ್ಟು ಅಂತ ಕೋರ್ಟ್ ಹೇಳುತ್ತದೆ, ಥರ್ಡ್ ಪಾರ್ಟಿ ಪಾಲಿಸಿಯಿಂದ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟಕ್ಕಿರುವ ವಿಮೆಯಿಂದ, ಕಂಪನಿ ಕಟ್ಟುತ್ತದೆ. ಡಿಎಲ್ ಅವಧಿ ಮುಗಿದಿದ್ದರೆ? ಕಟ್ಟಿದ್ದನ್ನು ಕಂಪನಿ ನನ್ನಿಂದಲೇ ವಸೂಲಿ ಮಾಡಲು ಕೋರ್ಟ್ ಹೇಳಬಹುದು. ಫೋನಿಟ್ಟು ಓಡಿ ಹೋಗಿ ಡಿಎಲ್ ನೋಡಿದೆ. 2031ರವರೆಗೆ ಇದೆ. ಇಷ್ಟು ವರ್ಷದಲ್ಲಿ ಆ ತಾರೀಕು ಓದಿದ್ದು ಅದೇ ಮೊದಲು.

ನನ್ನ ಕಾರಿನ ಬಂಪರ್ ಕಥೆ ಸಣ್ಣದು. ಗ್ಯಾರೇಜಿನವರು 12,000 ಅಂದರು. ಸವಕಳಿ ಕಳೆಯದೆ ಪೂರ್ತಿ ಕೊಡುವ ಝೀರೋ ಡೆಪ್ ನನ್ನ ಪಾಲಿಸಿಯಲ್ಲಿ ಇಲ್ಲ, ಪ್ಲಾಸ್ಟಿಕ್ಕಿಗೆ ಅರ್ಧ ಕಡಿತ, ಮೇಲೆ ಸಾವಿರ ನಾನೇ ಹಾಕಬೇಕು. ಅಷ್ಟಕ್ಕೆ ಕ್ಲೈಮ್ ಮಾಡಿದರೆ ಐದು ವರ್ಷದಿಂದ ಕೂಡಿಟ್ಟ 50 ಪರ್ಸೆಂಟ್ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆ. ಕೈಯಿಂದಲೇ ಕೊಟ್ಟೆ.

ತಲೆ ಕೆಟ್ಟಿದ್ದು ಬೇರೆ ವಿಷಯಕ್ಕೆ. ಆಸ್ಪತ್ರೆಯಲ್ಲಿ ಪೇಂಟರ್ ಹೆಂಡತಿ ಬಂದಾಗ "ತಪ್ಪು ನಂದೇನಮ್ಮ, ಖರ್ಚೆಲ್ಲ ನಾನು ನೋಡ್ಕೋತೀನಿ" ಅಂದಿದ್ದೆ. ಕಂಪನಿಗೆ ಫೋನ್ ಮಾಡಿ ಇದನ್ನೂ ಹೇಳಿದೆ. ಆ ಕಡೆಯ ಹುಡುಗ ಗಾಬರಿಯಾದ. "ಸಾರ್, ಬರೆದು ಕೊಟ್ಟಿಲ್ಲ ತಾನೇ?" ಪಾಲಿಸಿ ತೆಗೆದು ಸಣ್ಣಕ್ಷರ ಓದಿದೆ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪು ಒಪ್ಪಿಕೊಳ್ಳುವುದಾಗಲಿ, ಹಣದ ಮಾತು ಕೊಡುವುದಾಗಲಿ ಕೂಡದು ಅಂತ ಷರತ್ತೇ ಇದೆ. ಅವರ ಕಡೆಯಿಂದ ನ್ಯಾಯವೇ. ನಾನು ಮಾತು ಕೊಟ್ಟು ಅವರು ದುಡ್ಡು ಕಟ್ಟುವುದು ಯಾವ ಲೆಕ್ಕ? ಆದರೆ ನನ್ನಿಂದ ಕೈ ಮುರಿದುಕೊಂಡವರ ಮುಂದೆ ನಿಂತು 'ತಪ್ಪಾಯ್ತು' ಅನ್ನುವುದಕ್ಕೂ ಒಪ್ಪಿಗೆ ಪತ್ರ ತರಬೇಕು ಅಂದರೆ ಗಂಟಲಲ್ಲಿ ಇಳಿಯುವುದಿಲ್ಲ. ಅಂದ ಮಾತನ್ನು ವಾಪಸ್ ತೆಗೆದುಕೊಳ್ಳಲಿಲ್ಲ. ಇದುವರೆಗೆ ಕೊಟ್ಟದ್ದು ಔಷಧಿ, ಆಟೋ ಖರ್ಚು ಅಷ್ಟೇ.

ದೊಡ್ಡ ಖರ್ಚು ಅದಲ್ಲವಲ್ಲ. ಬಲಗೈ ಇಲ್ಲದ ಪೇಂಟರ್‌ಗೆ ತಿಂಗಳುಗಟ್ಟಲೆ ಕೂಲಿಯಿಲ್ಲ. ಮಣಿಕಟ್ಟು ಮೊದಲಿನಂತೆ ತಿರುಗದಿದ್ದರೆ ಮುಂದೆಯೂ ಕಷ್ಟ. ಅದನ್ನೆಲ್ಲ ಟ್ರಿಬ್ಯುನಲ್ ಲೆಕ್ಕ ಹಾಕುತ್ತದೆ. ವಯಸ್ಸು, ಕೆಲಸ, ಎಷ್ಟು ಪರ್ಸೆಂಟ್ ಅಂಗವೈಕಲ್ಯ, ಎಲ್ಲ. ಸಂಬಳದ ಚೀಟಿ ಇಲ್ಲದವರಿಗೂ ಒಂದು ಅಂದಾಜು ಆದಾಯ ಹಿಡಿಯುತ್ತದೆ. ಆದರೆ ಅರ್ಜಿ ಹಾಕಬೇಕು. ಆರು ತಿಂಗಳೊಳಗೆ ಅಂತ ಕಾಯ್ದೆಯಲ್ಲಿದೆ, 2022ರ ಏಪ್ರಿಲ್ 1ರಿಂದ. ಅವತ್ತು ಐದು ಸಾವಿರಕ್ಕೆ ಮುಗಿಸಿದ್ದರೆ ಎಫ್‌ಐಆರ್ ಇಲ್ಲ, ಎಂಎಲ್‌ಸಿ ಇಲ್ಲ, ಅವರು ಯಾವ ಕಾಗದ ಹಿಡಿದು ಹೋಗುತ್ತಿದ್ದರು?

"ನಿನ್ನ ಮೇಲೆ ಕೇಸು ಹಾಕಿ ಅಂತ ನೀನೇ ಹೇಳ್ತೀಯಾ?" ಅಂದ ಗೆಳೆಯ. ಹೌದು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆದಾಯ ಕಮ್ಮಿ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ, ಅದನ್ನೂ ಹೇಳು ಅಂದ.

ಬೆಳಿಗ್ಗೆ ಅವರ ಮನೆಗೆ ಹೋಗಿದ್ದೆ. ಕಾಫಿ ಕೊಟ್ಟರು. ಅದೇ ಕಷ್ಟವಾಯಿತು. ಪಾಲಿಸಿಯ ಜೆರಾಕ್ಸ್ ಮುಂದಿಟ್ಟು ವಿಷಯ ಹೇಳಿದೆ. ಪೇಂಟರ್ ಮುಖ ಸಣ್ಣದು ಮಾಡಿದರು. "ಆಸ್ಪತ್ರೆಗೆ ಕರ್ಕೊಂಡು ಹೋದವರ ಮೇಲೆ ಕೇಸು ಹಾಕೋದು ಹೆಂಗೆ ಸಾರ್? ಬ್ಯಾಡ ಬಿಡಿ." ನನ್ನ ಜೇಬಿಂದಲ್ಲ, ಕಂಪನಿಯಿಂದ ಬರುವ ದುಡ್ಡು ಅಂತ ಎರಡು ಸಲ ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ. ಇದರಲ್ಲಿ ನನಗೇನೋ ಲಾಭ ಇದೆ ಅಂದುಕೊಂಡರೋ ಏನೋ.

ಅವರ ಹೆಂಡತಿ ಏನೂ ಮಾತಾಡಲಿಲ್ಲ. ನಾನು ಏಳುವಾಗ ಆ ಜೆರಾಕ್ಸ್ ಎತ್ತಿಕೊಂಡು, ನಾಲ್ಕಾಗಿ ಮಡಚಿ, ಎಕ್ಸ್‌ರೇ ಕವರಿನೊಳಗೆ ಹಾಕಿದರು.