ಹೆಟ್‌ಫೀಲ್ಡ್‌ಗಿಂತ ಮೂರು ತಿಂಗಳು ದೊಡ್ಡವನು

ಅಮೆರಿಕದ ಹೆವಿ ಮೆಟಲ್ ಬ್ಯಾಂಡು ಮೆಟಾಲಿಕಾದಲ್ಲಿ ಗಿಟಾರು ಹಿಡಿದು ಹಾಡುವ ಜೇಮ್ಸ್ ಹೆಟ್‌ಫೀಲ್ಡ್ ಹುಟ್ಟಿದ್ದು 1963ರ ಆಗಸ್ಟ್ 3ಕ್ಕೆ. ನಾನು ಅದೇ ವರ್ಷದ ಮೇ ತಿಂಗಳವನು. ಡ್ರಮ್ಸ್ ಬಾರಿಸುವ ಲಾರ್ಸ್ ಉಲ್ರಿಚ್ ಡಿಸೆಂಬರ್‌ನವನು. ಗಿಟಾರಿನ ಕರ್ಕ್ ಹ್ಯಾಮೆಟ್ 1962ರವನು, ಬೇಸ್, ಅಂದರೆ ತಗ್ಗು ಸ್ವರದ ಗಿಟಾರು, ನುಡಿಸುವ ರಾಬರ್ಟ್ ಟ್ರುಹಿಯೊ 1964. ಒಟ್ಟಿನಲ್ಲಿ ಎಲ್ಲರೂ ನನ್ನ ಓರಗೆಯವರೇ. ಆದರೆ 2011ರ ಅಕ್ಟೋಬರ್ 30ರ ಸಂಜೆ ಬೆಂಗಳೂರಿನ ಅರಮನೆ ಮೈದಾನದಲ್ಲಿ, ಅವರ ಶೋಗೆ ನಾವು ಐದೂ ಜನ ಸೇರಿದ್ದಾಗ ಅಂಕಲ್ ಅಂತ ಕರೆಸಿಕೊಂಡವನು ನಾನೊಬ್ಬನೇ.

ಅಕ್ಕನ ಮಗ ಮೊನ್ನೆ ಊಟಕ್ಕೆ ಕೂತಾಗ ಕೇಳಿದ, “ಮಾಮ, ಆ ವಯಸ್ಸಲ್ಲಿ ಅಲ್ಲಿಗೆ ಹೋಗಿ ಏನ್ ಮಾಡಿದ್ರಿ?” ಅಂತ. ಸಾರು ಅನ್ನದ ಮಧ್ಯೆ ಹೇಳಿದ್ದು ಸಾಲಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವತ್ತು ಭಾನುವಾರ. ದೀಪಾವಳಿ ಆಗಷ್ಟೇ ಮುಗಿದಿತ್ತು. ಎಂ.ಜಿ. ರೋಡಿನಿಂದ ಬೈಯಪ್ಪನಹಳ್ಳಿಗೆ ಮೆಟ್ರೊ ಶುರುವಾಗಿ ಹತ್ತು ದಿನ ಆಗಿತ್ತು, ಅರ್ಧ ಊರು ಕೆಲಸವಿಲ್ಲದಿದ್ದರೂ ಅದರಲ್ಲಿ ಹೋಗಿ ಬಂದು ಮಾಡುತ್ತಿತ್ತು. ನನ್ನ ತಲೆಬಿಸಿ ಬೇರೆ. ಶುಕ್ರವಾರ ಗುರ್‌ಗಾಂವ್‌ನಲ್ಲಿ ಆಗಬೇಕಿದ್ದ ಮೆಟಾಲಿಕಾ ಶೋ ಕೊನೇ ಗಳಿಗೆಯಲ್ಲಿ ನಿಂತುಹೋಗಿ, ರೇಗಿದ ಜನ ವೇದಿಕೆಗೆ ನುಗ್ಗಿ ಕೈಗೆ ಸಿಕ್ಕಿದ್ದನ್ನು ಮುರಿದಿದ್ದರು. ಹೆಂಡತಿ ಆ ಸುದ್ದಿ ಮೇಲಕ್ಕೆ ಬರುವ ಹಾಗೆ ಪೇಪರನ್ನು ಮಡಚಿ ನನ್ನ ಕಾಫಿ ಲೋಟದ ಪಕ್ಕ ಇಟ್ಟಿದ್ದಳು. ಬಾಯಲ್ಲಿ ಒಂದು ಮಾತೂ ಇಲ್ಲ. ಹೊರಡುವಾಗ ಮಾತ್ರ ಕಿವಿಗೆ ಅಂತ ಒಂದಿಷ್ಟು ಹತ್ತಿ, ಕೈಗೆ ಒಂದು ಛತ್ರಿ ಕೊಟ್ಟಳು. ಟಿಕೆಟ್ಟಿನ ಬೆಲೆ ಕೇಳಿದಳು. ಅರ್ಧ ಹೇಳಿದೆ.

ಮೇಖ್ರಿ ಸರ್ಕಲ್ ಹತ್ತಿರ ಬರುವಷ್ಟರಲ್ಲಿ ರಸ್ತೆಯ ಎರಡೂ ಕಡೆ ಕಪ್ಪು ಟೀ ಶರ್ಟಿನ ಹುಡುಗರು, ಹಿಂಡು ಹಿಂಡು. ಆಟೋದವನು ಒಂದಷ್ಟು ದೂರ ಸುಮ್ಮನೆ ನೋಡಿಕೊಂಡು ಬಂದು, “ಏನ್ ಸಾರ್, ಈ ಸಲ ಮಾಲೆ ಇಷ್ಟ್ ಬೇಗ ಹಾಕ್ಬಿಟ್ಟವ್ರೆ?” ಅಂದ. ಅಲ್ಲಪ್ಪ, ಇದು ಬೇರೆ ಸ್ವಾಮಿ ಅಂದೆ. ನಾನು ತೊಟ್ಟಿದ್ದು ತಿಳಿನೀಲಿ ಚೌಕಳಿ ಅಂಗಿ, ಇಸ್ತ್ರಿ ಬೇರೆ ಮಾಡಿದ್ದು.

ಅರಮನೆ ಮೈದಾನ ಅಂದರೆ ನನಗೆ ಅಲ್ಲಿಯವರೆಗೂ ಆರತಕ್ಷತೆಯ ಜಾಗ. ಕೈಯಲ್ಲಿ ಕವರ್ ಹಿಡಿದು, ಸಾಲಲ್ಲಿ ನಿಂತು, ಗಂಡುಹೆಣ್ಣಿನ ಪಕ್ಕ ಫೋಟೊ ತೆಗೆಸಿಕೊಂಡು ಊಟಕ್ಕೆ ಓಡುವ ಜಾಗ. 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ಇಲ್ಲೇ ಹಾಡಿ ಹೋದರು. ಆಗೆಲ್ಲ ನಾನು ರಾಯಚೂರು ಕಡೆ ವರ್ಗವಾಗಿದ್ದೆ, ಎರಡು ದಿನ ತಡವಾಗಿ ಪೇಪರಿನಲ್ಲಿ ಚಿತ್ರ ನೋಡಿ ಹೊಟ್ಟೆ ಉರಿಸಿಕೊಂಡಿದ್ದೆ. ಈ ಸಲ ಬಿಡುವ ಮಾತೇ ಇರಲಿಲ್ಲ.

ಗೇಟಿನಲ್ಲಿ ಸೆಕ್ಯೂರಿಟಿಯವನು ಛತ್ರಿ ಕಿತ್ತುಕೊಂಡ. “ಒಳಗ್ ಬಿಡಲ್ಲ ಸಾರ್, ಯಾರಿಗಾದ್ರೂ ಚುಚ್ಚುತ್ತೆ.” ಪಕ್ಕದಲ್ಲಿ ಕಿತ್ತುಕೊಂಡ ಸಾಮಾನಿನ ರಾಶಿ: ಮೊಳೆ ಹೊಡೆದ ಬೆಲ್ಟು, ಲೈಟರು, ನೀರಿನ ಬಾಟಲಿ, ಸೆಂಟಿನ ಡಬ್ಬಿ. ಅದರ ಮೇಲೆ ನನ್ನ ಬಾಗಿದ ಹಿಡಿಯ ಛತ್ರಿ, ಇಡೀ ರಾಶಿಗೆ ಒಂದೇ ಒಂದು. ಆಮೇಲೆ ಮೆತ್ತಗೆ ಕೇಳಿದ, “ಮಕ್ಕಳು ಒಳಗವ್ರಾ ಸಾರ್?” ನಾನೇ ಬಂದಿರೋದು ಅಂದೆ. ಟಿಕೆಟ್ಟನ್ನು ತಿರುಗಿಸಿ ಇನ್ನೊಮ್ಮೆ ನೋಡಿದ.

ಒಳಗೆ ಮಳೆ ನೆನೆದ ನೆಲ. ಸಾವಿರಾರು ಜನ ತುಳಿದು ತುಳಿದು ಕೆಸರು ಹಿಟ್ಟಿನ ಹದಕ್ಕೆ ಬಂದಿತ್ತು. ಕೂರುವ ಹಾಗಿಲ್ಲ, ಒರಗಲು ಕಂಬವಿಲ್ಲ. ರಾಕ್ ಕನ್ಸರ್ಟು ಅನ್ನುವುದು ಮೊದಲು ಮಂಡಿಯ ವಿಷಯ, ಕಿವಿಯದು ಆಮೇಲೆ. ಇದನ್ನು ಯಾರೂ ಹೇಳುವುದಿಲ್ಲ, ಹೇಳಬೇಕಾದವರ ಮಂಡಿಗಳೆಲ್ಲ ಇಪ್ಪತ್ತು ವರ್ಷದವು.

ನನ್ನ ಪಕ್ಕ ನಿಂತಿದ್ದು ತುಮಕೂರಿನಿಂದ ಬಂದ ಇಂಜಿನಿಯರಿಂಗ್ ಹುಡುಗರ ಗುಂಪು, ಜೊತೆಗೆ ಒಬ್ಬಳು ಹುಡುಗಿ. ಸ್ವಲ್ಪ ಹೊತ್ತು ಗುಸುಗುಸು ಮಾಡಿ ಕೊನೆಗೆ ಅವಳೇ ಧೈರ್ಯ ಮಾಡಿದಳು. “ಅಂಕಲ್, ನಿಮಗೆ ಯಾವ ಆಲ್ಬಮ್ ಇಷ್ಟ?” ಇದು ಪರೀಕ್ಷೆ ಅಂತ ಗೊತ್ತಾಯಿತು. 1988ರ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಅಂದೆ. ಗುಂಪಿನಲ್ಲಿ ಎಲ್ಲರಿಗಿಂತ ಸಣಕಲ ಹುಡುಗ ತಕ್ಷಣ, “ಅದ್ರಲ್ಲಿ ಬೇಸೇ ಕೇಳ್ಸಲ್ವಲ್ಲ ಅಂಕಲ್!” ಅಂದ. ಅವನೇ ವಿವರಿಸಿದ್ದು: ಮೊದಲಿನ ಬೇಸ್‌ನವನು ಕ್ಲಿಫ್ ಬರ್ಟನ್, 1986ರಲ್ಲಿ ಸ್ವೀಡನ್ನಿನಲ್ಲಿ ಬಸ್ ಮಗುಚಿ ತೀರಿಹೋದ. ಅವನ ಜಾಗಕ್ಕೆ ಜೇಸನ್ ನ್ಯೂಸ್ಟೆಡ್ ಬಂದ. ಈ ಆಲ್ಬಮ್ಮನ್ನು ಮಿಕ್ಸ್ ಮಾಡುವಾಗ ಹೊಸಬನ ಬೇಸನ್ನು ಕೇಳಿಸದಷ್ಟು ಇಳಿಸಿಬಿಟ್ಟರು. ಶ್ರೀರಾಮಪುರದ ರಿಪೇರಿ ಅಂಗಡಿಯವನು ಈ ಸತ್ಯ ಗೊತ್ತಿಲ್ಲದೆ ನನ್ನ ಟೂ-ಇನ್-ಒನ್‌ನ ಸ್ಪೀಕರನ್ನು ಬಿಚ್ಚಿ ಕಟ್ಟಿ, ಕಡೆಗೆ ಹೊಸದೇ ಹಾಕಿಕೊಟ್ಟು ದುಡ್ಡು ತಗೊಂಡಿದ್ದ. ಈ ಹುಡುಗ ಆಗಿನ್ನೂ ಹುಟ್ಟಿರಲಿಲ್ಲ.

ಆ ಕ್ಯಾಸೆಟ್ಟಿನ ಕಥೆ ಇಷ್ಟು. ನಾನು ಬ್ಯಾಚುಲರ್ ಆಗಿ ಶ್ರೀರಾಮಪುರದ ವಠಾರದಲ್ಲಿದ್ದಾಗ ರೂಮ್‌ಮೇಟ್ ಮಂಗಳೂರಿನವನು. ಅವನ ಅಣ್ಣ ಬಹರೇನಿನಿಂದ ಅಸಲಿ ಕ್ಯಾಸೆಟ್ ಕಳಿಸಿದ್ದ. ನಾನು ಅದನ್ನು 60 ನಿಮಿಷದ ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡೆ. ಮೊದಲ ಬದಿಯಲ್ಲಿ ನಾಲ್ಕು ಹಾಡು, ಒಟ್ಟು ಅರ್ಧ ಗಂಟೆಗಿಂತ ಚೂರೇ ಚೂರು ಹೆಚ್ಚು. ಕೊನೆಯದು ‘ಒನ್’. ಯುದ್ಧದಲ್ಲಿ ಕೈಕಾಲು ಕಳೆದುಕೊಂಡು ಬರೀ ಉಸಿರಾಗಿ ಉಳಿದ ಸೈನಿಕನ ಹಾಡು. ಮೆಲ್ಲಗೆ ಶುರುವಾಗುತ್ತೆ, ಆಮೇಲೆ ಡ್ರಮ್ಸು ಮಷಿನ್‌ಗನ್ನಾಗುತ್ತೆ, ಅದರ ಮೇಲೆ ಹ್ಯಾಮೆಟ್‌ನ ಸೋಲೊ. ಸೋಲೊ ಮುಗಿದು ಎಲ್ಲ ವಾದ್ಯವೂ ಒಟ್ಟಿಗೆ ಗುದ್ದುವ ಹೊತ್ತಿಗೆ ನನ್ನ ಟೇಪು ಟಕ್ ಅಂತ ನಿಲ್ಲುತ್ತಿತ್ತು. ವರ್ಷಾನುಗಟ್ಟಲೆ ನನ್ನ ಪಾಲಿಗೆ ಆ ಹಾಡು ಮುಗಿಯುತ್ತಿದ್ದದ್ದು ಆ ಟಕ್‌ನಲ್ಲೇ. ಮುಂದೆ ಸಿ.ಡಿ. ತಗೊಂಡು ಪೂರ್ತಿ ಕೇಳಿದೆ ಅನ್ನಿ. ಆದರೂ ಆ ಜಾಗ ಬಂದರೆ ಬೆರಳು ತಾನಾಗಿ ಕ್ಯಾಸೆಟ್ ತಿರುಗಿಸಲು ಏಳುತ್ತೆ.

ಮೊದಲು ಬೆಂಗಳೂರಿನದೇ ಬ್ಯಾಂಡು ನುಡಿಸಿತು, ಆಮೇಲೆ ಸ್ಕಾಟ್ಲೆಂಡಿನ ಬಿಫಿ ಕ್ಲೈರೊ. ಇವರ ಬಗ್ಗೆ ಹೆಚ್ಚು ಹೇಳಲಾರೆ, ಆ ಹೊತ್ತಲ್ಲಿ ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುವುದರಲ್ಲೇ ಮುಳುಗಿದ್ದೆ. ಕತ್ತಲಾದ ಮೇಲೆ ದೀಪ ಆರಿಸಿ ಎನ್ನಿಯೊ ಮೊರಿಕೋನೆಯ ಸಂಗೀತ ಹಾಕಿದರು, 1966ರ ಕೌಬಾಯ್ ಸಿನಿಮಾದ್ದು. ಮೆಟಾಲಿಕಾ ವೇದಿಕೆ ಹತ್ತುವ ಮುಂಚೆ ಅದನ್ನು ಹಾಕುವುದು ಎಂಬತ್ತರ ದಶಕದಿಂದ ಬಂದ ಪದ್ಧತಿ. ಅದರಲ್ಲಿ ಮಾತಿಲ್ಲ, ಬರೀ ರಾಗ. ಆ ರಾಗವನ್ನು ಮೈದಾನಕ್ಕೆ ಮೈದಾನವೇ ಗಂಟಲು ಬಿಚ್ಚಿ ಹಾಡಿತು. ತುಮಕೂರಿನ ಸಣಕಲ ಹುಡುಗ ಕಣ್ಣು ಮುಚ್ಚಿಕೊಂಡಿದ್ದ.

ಮೊದಲ ಹಾಡು ‘ಕ್ರೀಪಿಂಗ್ ಡೆತ್’. ಬೈಬಲ್ಲಿನ ಈಜಿಪ್ಟಿನ ಕಥೆ, ಮನೆಮನೆಯ ಚೊಚ್ಚಲು ಮಗನನ್ನು ಸಾವು ಕೊಂಡೊಯ್ಯುವ ರಾತ್ರಿಯದು. ನಡುವೆ ಒಂದು ಕಡೆ ಜನ ಮುಷ್ಟಿ ಎತ್ತಿ “ಡೈ, ಡೈ” ಅಂತ ಕೂಗಬೇಕು. ಎಲ್ಲರೂ ಕೂಗಿದರು. ನಾನೂ ಮನೆಗೆ ಹಿರಿಮಗನೇ, ಆದರೂ ಕೂಗಿದೆ.

ಆಗಲೇ ಗಮನಕ್ಕೆ ಬಂದದ್ದು. ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ, ಆದರೆ ನನ್ನ ಸುತ್ತ ಎರಡು ಮೊಳ ಖಾಲಿ! ಆ ಹುಡುಗರು ಬೆನ್ನು ನನ್ನ ಕಡೆ ಮಾಡಿ, ಒಬ್ಬರ ತೋಳಿಗೆ ಒಬ್ಬರು ತೋಳು ಹಾಕಿ ಕೋಟೆ ಕಟ್ಟಿದ್ದರು. ಹಿಂದಿನಿಂದ ಯಾರಾದರೂ ನುಗ್ಗಿದರೆ, “ಮಗಾ, ಅಂಕಲ್ ಇದಾರೆ, ನೋಡ್ಕೊಂಡು!” ಅಂತ ಕೂಗು. ನುಗ್ಗಿದವನು ನನಗೆ ಸಾರಿ ಹೇಳಿ ಪಕ್ಕಕ್ಕೆ ಹೋಗುತ್ತಿದ್ದ. ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟರೆ ಖುಷಿಯಾಗುತ್ತೆ. ಇಲ್ಲಿ ಹೊಟ್ಟೆಯಲ್ಲಿ ಸಂಕಟವಾಯಿತು. ಎದುರಿಗೆ ವೇದಿಕೆಯ ಮೇಲೆ ನನಗಿಂತ ಮೂರು ತಿಂಗಳು ಚಿಕ್ಕವನು ಕಾಲು ಅಗಲಿಸಿ ನಿಂತು ಗಿಟಾರು ಉಜ್ಜುತ್ತಿದ್ದಾನೆ, ಇಲ್ಲಿ ನನ್ನನ್ನು ಅಪ್ಪಚ್ಚಿಯಾಗದ ಹಾಗೆ ಕಾಯುತ್ತಿದ್ದಾರೆ. ಮರ್ಯಾದೆ ಅನ್ನುವುದು ಕೆಲವು ಕಡೆ ಮನುಷ್ಯನನ್ನು ಹೊರಗಿಡುವ ಬೇಲಿ. ಅವರಿಗೆ ಅದನ್ನು ಹೇಳುವುದಾದರೂ ಹೇಗೆ? ಒಳ್ಳೆ ಮಕ್ಕಳು, ಮನೆಯಲ್ಲಿ ಹೇಳಿಕೊಟ್ಟಿದ್ದನ್ನೇ ಮಾಡುತ್ತಿದ್ದರು.

ಎರಡು ಹಾಡಿನ ಮಧ್ಯೆ ಹುಡುಗಿಯ ಕಿವಿಯ ಹತ್ತಿರ ಬಗ್ಗಿ ಕಿರುಚಿದೆ, “ನನ್ನ ಬಿಟ್ಬಿಡ್ರಮ್ಮಾ!” ಅವಳು ಗಾಬರಿಯಾಗಿ, “ಆಚೆ ಹೋಗ್ಬೇಕಾ ಅಂಕಲ್?” ಅಂದಳು. ಅಲ್ಲ, ಒಳಗೆ ಅಂತ ಕೈ ತೋರಿಸಿದೆ. ನಮ್ಮ ಮುಂದೆ ಹತ್ತು ಹೆಜ್ಜೆಯಲ್ಲಿ ಪಿಟ್ ಶುರುವಾಗಿತ್ತು, ಹುಡುಗರು ದುಂಡಗೆ ಜಾಗ ಮಾಡಿಕೊಂಡು ಒಬ್ಬರಿಗೊಬ್ಬರು ಭುಜ ಡಿಕ್ಕಿ ಹೊಡೆಯುತ್ತಾ ಸುತ್ತುವ ಗಲಾಟೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಣಕಲ ಹುಡುಗ ನಿಯಮ ಹೇಳಿಕೊಟ್ಟ: ಮೊಣಕೈ ಎತ್ತಬಾರದು, ಯಾರಾದರೂ ಬಿದ್ದರೆ ಮೊದಲು ಎತ್ತಬೇಕು, ಸಾಕಾದರೆ ಕೈ ಮೇಲೆತ್ತಿ ಅಂಚಿಗೆ ಬರಬೇಕು. ನಮ್ಮ ಕಚೇರಿಯ ಸರ್ವಿಸ್ ರೂಲ್ಸ್ ಪುಸ್ತಕಕ್ಕಿಂತ ಚೆನ್ನಾಗಿದೆ ಅನ್ನಿಸಿತು.

ಒಳಗೆ ಎಷ್ಟು ಹೊತ್ತಿದ್ದೆನೋ. ಬೆನ್ನಿಗೆ ಒಬ್ಬ, ಪಕ್ಕೆಗೆ ಒಬ್ಬ, ಯಾರ ಮುಖವೂ ಕಾಣದು, ಬೆವರು, ಕೆಸರು, ಒದ್ದೆ ಬಟ್ಟೆಯ ವಾಸನೆ. ಕತ್ತಲಲ್ಲಿ ಯಾರಿಗೂ ನನ್ನ ತಲೆಯ ಬಿಳಿಕೂದಲು ಗೊತ್ತಾಗಲಿಲ್ಲ, ಸರಿಯಾಗಿಯೇ ಗುದ್ದಿದರು. ಒಂದು ಸುತ್ತಿನಲ್ಲಿ ಬಲಗಾಲು ಹಗುರವಾಯಿತು, ಚಪ್ಪಲಿ ಕೆಸರಿನೊಳಗೆ. ಬಗ್ಗಲು ಹೋದವನನ್ನು ಎರಡು ಕೈ ಕಂಕುಳಿಗೆ ಹಾಕಿ ಮೇಲೆತ್ತಿದವು. ಪಿಟ್ಟಿನಲ್ಲಿ ಕಳೆದದ್ದು ಸಿಕ್ಕರೆ ತಲೆಯ ಮೇಲೆ ಎತ್ತಿ ಹಿಡಿಯುವುದು ಪದ್ಧತಿ, ಎಲ್ಲವೂ ಶೂಗಳೇ ಇರುತ್ತವೆ. ಅವತ್ತು ಯಾರೋ ಒಬ್ಬ, ಕೆಸರು ತೊಟ್ಟಿಕ್ಕುವ ಕಂದು ಬಣ್ಣದ ಬಕಲ್ ಚಪ್ಪಲಿಯನ್ನು ಎತ್ತಿ ಹಿಡಿದು, “ಯಾರ್‌ದು ಮಗಾ ಇದು, ಯಾರ್‌ದು?” ಅಂತ ಕೇಳುತ್ತಿದ್ದ. ಹತ್ತು ಜನ ಸೇರಿ ಕೂಗಿದರು: “ಅಂಕಲ್‌ದು!” ಹೇಗೆ ಗೊತ್ತಾಯಿತೋ.

ಅಂಚಿಗೆ ಬಂದು ಏದುಸಿರು ಬಿಡುತ್ತಿದ್ದಾಗ ಕತ್ತಲಾಯಿತು, ಗುಂಡಿನ ಸದ್ದು, ಹೆಲಿಕಾಪ್ಟರ್ ಸದ್ದು. ‘ಒನ್’. ಏಳು ನಿಮಿಷ ನಾನು ಅಲ್ಲಾಡಲಿಲ್ಲ. ಸೋಲೊ ಮುಗಿಯುತ್ತಾ ಬಂದಾಗ ನನ್ನ ಬಲಗೈ ಬೆರಳು ಎದ್ದಿತು, ಆ ಜಾಗಕ್ಕೆ. ಸಣಕಲ ಹುಡುಗ ಅದೇ ಕ್ಷಣಕ್ಕೆ ನನ್ನ ಭುಜದ ಮೇಲೆ ಕೈ ಹಾಕಿ ತಲೆ ಕೊಡವಲು ಶುರು ಮಾಡಿದ, ಅವನ ಉದ್ದ ಕೂದಲು ನನ್ನ ಬಾಯಿಗೆ ಬಂತು. ಹಾಡು ನಿಲ್ಲಲಿಲ್ಲ. ಹುಡುಗನ ಜೊತೆ ನನ್ನ ತಲೆಯೂ ಆಡಿತು, ಡಾಕ್ಟರು ಬೇಡ ಅಂದಿದ್ದ ಕುತ್ತಿಗೆ.

ಕೊನೆಯ ಹಾಡು ‘ಸೀಕ್ ಅಂಡ್ ಡಿಸ್ಟ್ರಾಯ್’ಗೆ ಮೈದಾನದ ದೀಪಗಳನ್ನೆಲ್ಲ ಹಾಕುವುದು ಆಗ ಅವರ ರೂಢಿಯಾಗಿತ್ತು. ಬೆಳಕು ಬಿದ್ದಾಗ ಕಂಡದ್ದು ಬೇರೆಯೇ ಲೋಕ. ಇಷ್ಟು ಹೊತ್ತೂ ಒಂದೇ ಕಪ್ಪಾಗಿದ್ದದ್ದು ಈಗ ಮುಖಗಳಾಯಿತು, ಅದರಲ್ಲಿ ಅಲ್ಲಲ್ಲಿ ನನ್ನಂಥವು: ಒಂದು ಬೊಕ್ಕತಲೆ, ಒಂದು ಬೈಫೋಕಲ್ ಕನ್ನಡಕ, ಸೀರೆಯ ಸೆರಗು ಸಿಕ್ಕಿಸಿಕೊಂಡ ಒಬ್ಬ ಹೆಂಗಸು. ಬೊಕ್ಕತಲೆಯವನೂ ನನ್ನನ್ನು ನೋಡಿದ. ಇಬ್ಬರೂ ಬೇಗ ಬೇರೆ ಕಡೆ ತಿರುಗಿಕೊಂಡೆವು, ಕಚೇರಿ ಹೊತ್ತಲ್ಲಿ ಸಿನಿಮಾ ಟಾಕೀಸಿನಲ್ಲಿ ಸಿಕ್ಕಿಬಿದ್ದವರಂತೆ.

ಹೊರಗೆ ಬರುವಾಗ ಛತ್ರಿ ಅಲ್ಲೇ ಇತ್ತು. ಲೈಟರು ಒಂದೂ ಇರಲಿಲ್ಲ.

ಹತ್ತಿಯ ಬಗ್ಗೆ ಒಂದು ಮಾತು, ಹೋಗುವವರಿಗೆ ಉಪಯೋಗವಾಗಲಿ. ಹತ್ತಿ ಇಟ್ಟರೆ ಮನಸ್ಸಿಗೆ ಸಮಾಧಾನ, ಕಿವಿಗೆ ಹೆಚ್ಚು ಪ್ರಯೋಜನವಿಲ್ಲ. ಮೆಡಿಕಲ್ ಶಾಪಿನಲ್ಲಿ ಫೋಮಿನ ಇಯರ್‌ಪ್ಲಗ್ ಸಿಗುತ್ತೆ, ಅದನ್ನು ಹಿಸುಕಿ ಒಳಗೆ ಸೇರಿಸಿ ಉಬ್ಬುವವರೆಗೂ ಬೆರಳಲ್ಲಿ ಒತ್ತಿ ಹಿಡಿಯಬೇಕು. ಲಾರ್ಸ್ ಉಲ್ರಿಚ್‌ನೇ ತನ್ನ ಕಿವಿಯಲ್ಲಿ ಗುಂಯ್ ಅನ್ನುವುದು ನಿಲ್ಲುವುದೇ ಇಲ್ಲ ಅಂತ ಹೇಳಿಕೊಂಡಿದ್ದಾನೆ. ನನ್ನದು ಬುಧವಾರದ ಹೊತ್ತಿಗೆ ನಿಂತಿತು.

ಆದರೆ ಸೋಮವಾರ ಕಚೇರಿಗೆ ಹೋಗಲೇಬೇಕಿತ್ತಲ್ಲ. ಸಾಹೇಬರು ಟೇಬಲ್ ಹತ್ತಿರ ಬಂದು ನಗುನಗುತ್ತಾ ಏನೋ ಕೇಳಿದರು. ತುಟಿ ನೋಡಿಕೊಂಡು, “ಆಗಲಿ ಸಾರ್” ಅಂದೆ. ಮಧ್ಯಾಹ್ನ ನೋಟಿಸ್ ಬೋರ್ಡಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವ ಕಾರ್ಯಕ್ರಮದ ಪಟ್ಟಿ ಹಾಕಿದ್ದರು. ಸ್ವಾಗತ ಭಾಷಣದ ಮುಂದೆ ನನ್ನ ಹೆಸರಿತ್ತು, ನಾಡಗೀತೆ ಹಾಡುವವರ ಸಾಲಿನಲ್ಲೂ ಇತ್ತು. ಗುರುವಾರ ಮೊದಲ ಪ್ರಾಕ್ಟೀಸು. ನನ್ನ ಗಂಟಲು ಸರಿಹೋಗಿದ್ದು ಶನಿವಾರ.