ಮೂರು ಸೊನ್ನೆ, ಒಂದು ಖಾಲಿ ಕಾಲಂ: ಪಾರ್ಕಿನ್ಸನ್ ಎಣಿಕೆಯ ಮೂರನೇ ವಾರ

ಹಲವು ದೇಶಗಳ ಜನರ ಡಿಎನ್‌ಎ ಓದಿಟ್ಟ ಸಾವಿರ ಜೀನೋಮ್ ಯೋಜನೆಯ ಮುಕ್ತ ದತ್ತಾಂಶದಲ್ಲಿ ಚೀನಾದ ಮೂರು ಗುಂಪುಗಳಿವೆ: ಬೀಜಿಂಗ್‌ನ ಹಾನ್ 103 ಜನ, ದಕ್ಷಿಣದ ಹಾನ್ 105, ಯುನ್ನಾನ್‌ನ ದಾಯ್ 93. ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆಯ ಅಪಾಯ ಹೆಚ್ಚಿಸುವ ಜೀನ್ ವ್ಯತ್ಯಾಸಗಳು ಇವರಲ್ಲಿ ಎಷ್ಟು ಜನರಿಗಿವೆ ಅಂತ ಎಣಿಸುವುದು ನನ್ನ ಭಾನುವಾರದ ಕೆಲಸ.

ಮೊದಲ ವಾರ ಹಿಡಿದದ್ದು ಎಲ್‌ಆರ್‌ಆರ್‌ಕೆ2 ಜೀನಿನ ಜಿ2385ಆರ್. ಪ್ರೋಟೀನಿನ 2385ನೇ ಜಾಗದಲ್ಲಿ ಗ್ಲೈಸಿನ್ ಹೋಗಿ ಆರ್ಜಿನಿನ್ ಕೂತಿರುತ್ತದೆ, ಅಷ್ಟೇ. ಹಾನ್ ಜನರಲ್ಲಿ ಇದು ಧಾರಾಳವಾಗಿ ಸಿಗಬೇಕು. ನನಗೆ ಸಿಕ್ಕಿದ್ದು ಸೊನ್ನೆ. ಬೀಜಿಂಗ್ ಸೊನ್ನೆ, ದಕ್ಷಿಣ ಸೊನ್ನೆ, ಕೊನೆಗೆ ಇಡೀ 2,504 ಜನರಲ್ಲೂ ಸೊನ್ನೆ! ಎರಡು ಸಂಜೆ ಕೋಡ್ ಕೆದಕಿದ ಮೇಲೆ ತಿಳಿಯಿತು: ಹುಡುಕಿದ್ದು 12ನೇ ಕ್ರೋಮೋಸೋಮಿನ 4,07,57,328ನೇ ಜಾಗ. ಅದು ಮಾನವ ಜೀನೋಮ್ ನಕ್ಷೆಯ 37ನೇ ಆವೃತ್ತಿಯ ವಿಳಾಸ. ಇಳಿಸಿಕೊಂಡ ಕಡತ 38ನೆಯದು, ಅದರಲ್ಲಿ ಮನೆ ನಂಬರ್ 4,03,63,526. ಸರಿಮಾಡಿದ ಕೂಡಲೇ ಹಾನ್ ಗುಂಪುಗಳಲ್ಲಿ ವಾಹಕರು, ಅಂದರೆ ಈ ವ್ಯತ್ಯಾಸ ಇರುವವರು, ಕಾಣಿಸಿಕೊಂಡರು.

ಎರಡನೇ ಸೊನ್ನೆ ಮಾತ್ರ ನಿಜವಾದದ್ದು. ಉತ್ತರ ಆಫ್ರಿಕಾದ ಅರಬರಲ್ಲಿ, ಅಶ್ಕೆನಾಜಿ ಯಹೂದಿಗಳಲ್ಲಿ ಬಹಳ ರೋಗಿಗಳಲ್ಲಿ ಸಿಗುವ ಜಿ2019ಎಸ್ ಈ ಮೂರು ಗುಂಪಿನಲ್ಲಿ ಒಬ್ಬರಲ್ಲೂ ಇಲ್ಲ. ಅದೇ ಜೀನು, ಬೇರೆ ಜಾಗ, ಬೇರೆ ಜನ. ಜಿ2019ಎಸ್ ಒಂದನ್ನೇ ನೋಡುವ ಪರೀಕ್ಷೆ ಮಾಡಿಸಿ 'ಏನೂ ಇಲ್ಲ' ಅಂತ ಬಂದರೆ ಚೀನೀ ಮೂಲದವರಿಗೆ ಅದರಿಂದ ಹೆಚ್ಚೇನೂ ತಿಳಿದಂತಾಗುವುದಿಲ್ಲ.

ಮೂರನೇ ಸೊನ್ನೆ ಇನ್ನೂ ಸ್ವಾರಸ್ಯ. 2009ರಲ್ಲಿ ಯುರೋಪಿಯನ್ನರ ಪಾರ್ಕಿನ್ಸನ್ ಜೀನೋಮ್ ಅಧ್ಯಯನದಲ್ಲಿ ಎಂಎಪಿಟಿ ಜೀನು ಎದ್ದು ಕಂಡಿತು. ಅದೇ ವರ್ಷ ಜಪಾನೀಯರದ್ದರಲ್ಲಿ ಕಾಣಲಿಲ್ಲ. ಕಾರಣ ಈ ಜೀನಿರುವ ಜಾಗದ ಎಚ್2 ಎಂಬ ತಿರುವುಮುರುವಾದ ತುಣುಕು ಪೂರ್ವ ಏಷ್ಯಾದಲ್ಲಿ ಬಹುತೇಕ ಇಲ್ಲ. ಚೀನೀಯರಲ್ಲೂ ಹಾಗೇ, ಬಹುತೇಕ ಎಲ್ಲರೂ ಎಚ್1, ಅಂದರೆ ತಿರುವುಮುರುವಾಗದ ರೂಪ. ಎಲ್ಲರೂ ಒಂದೇ ಆದಾಗ ಹೋಲಿಸುವುದು ಯಾರ ಜೊತೆ?

ಅಪಾಯದ ಪ್ರಮಾಣ ಈ ದತ್ತಾಂಶದಿಂದ ಸಿಗುವುದಿಲ್ಲ, ಯಾರ ಆರೋಗ್ಯದ ದಾಖಲೆಯೂ ಇದರಲ್ಲಿಲ್ಲ. ಅದಕ್ಕೆ ಪ್ರಕಟವಾದ ಅಂಕಿಗಳೇ ಗತಿ: ಜಿ2385ಆರ್ ಆರೋಗ್ಯವಂತ ಹಾನ್ ಜನರಲ್ಲಿ ನೂರಕ್ಕೆ ಸುಮಾರು 5, ರೋಗಿಗಳಲ್ಲಿ ಸುಮಾರು 10. ಇರುವವರನ್ನು ಇಲ್ಲದವರಿಂದ ಕಾಗದದ ಮೇಲೆ ಭಾಗಿಸಿದೆ: 10/90 ಅನ್ನು 5/95ರಿಂದ ಭಾಗಿಸಿದರೆ 2.1. 'ಅಪಾಯ ದುಪ್ಪಟ್ಟು' ಅಂತ ಓದಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಅರವತ್ತು ದಾಟಿದ ನೂರು ಜನರಲ್ಲಿ ಈ ಕಾಯಿಲೆ ಇರುವುದು ಹೆಚ್ಚುಕಮ್ಮಿ ಒಬ್ಬರಿಗೆ, ದುಪ್ಪಟ್ಟಾದರೆ ಇಬ್ಬರಿಗೆ.

ಈ ವಾರ ಪಾರ್ಕಿನ್ಸನ್ ಅಪಾಯ ಹೆಚ್ಚಿಸುವ ಇನ್ನೊಂದು ವ್ಯತ್ಯಾಸ, ಜಿಬಿಎ ಜೀನಿನ ಎಲ್444ಪಿ ಹಿಡಿದು ಸಿಕ್ಕಿಹಾಕಿಕೊಂಡಿದ್ದೇನೆ. ಪಕ್ಕದಲ್ಲೇ ಅದರ ಅವಳಿಯಂಥ ಹುಸಿ ಜೀನು (ಕೆಲಸ ಮಾಡದ ನಕಲು) ಕೂತಿದೆ; ಡಿಎನ್‌ಎಯ ಸಣ್ಣ ಚೂರುಗಳನ್ನು ಜೋಡಿಸುವಾಗ ಯಾವುದು ಯಾರದ್ದೆಂದು ಕಂಪ್ಯೂಟರಿಗೇ ಗೊಂದಲ. ನನ್ನ ಕೋಷ್ಟಕದಲ್ಲಿ ಆ ಕಾಲಂಗೆ ಸೊನ್ನೆ ಹಾಕಿಲ್ಲ, ಖಾಲಿ ಬಿಟ್ಟಿದ್ದೇನೆ.