211 ಓಟು ಬಿದ್ದ ಮೇಲೂ ಉಳಿಯಲಿಲ್ಲ

ಕಳೆದ ಭಾನುವಾರ ರಾತ್ರಿ ದಾವಣಗೆರೆಯಿಂದ ಮಗಳ ಫೋನ್ ಬಂತು. ಅಲ್ಲಿ ಹಾಸ್ಟೆಲ್‌ನಲ್ಲಿದ್ದು ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾಳೆ. ಮುಂದಿನ ವಾರ ಅವಳ ಸೆಮಿನಾರ್ ಇದೆ. ಹಗರಣದಲ್ಲಿ ಸಿಕ್ಕಿಬಿದ್ದ ಪ್ರಧಾನಿಯ ಮೇಲೆ ಸ್ವಂತ ಪಕ್ಷದವರೇ ತಿರುಗಿಬಿದ್ದರೆ ಕುರ್ಚಿ ಉಳಿಯುತ್ತದೆಯೇ ಎಂಬುದು ವಿಷಯ. ಬ್ರಿಟನ್ನಿನ ಬೋರಿಸ್ ಜಾನ್ಸನ್ ಬಗ್ಗೆ ಮಾತಾಡುತ್ತಾಳಂತೆ.

"ಅಮ್ಮಾ, ಜಾನ್ಸನ್ ಇರಬೇಕಾ ಬೇಡವಾ ಅಂತ 2022ರ ಜೂನ್ 6ಕ್ಕೆ ಅವರ ಪಕ್ಷದ ಸಂಸದರಲ್ಲೇ ಓಟಿಂಗ್ ಆಯ್ತು. 211 ಜನ ಪರ, 148 ಜನ ವಿರುದ್ಧ. ಗೆದ್ದರಲ್ವಾ? ಆಮೇಲೆ ಒಂದೇ ತಿಂಗಳಿಗೆ ಯಾಕೆ ಹೋದರು? ನಿನಗೇನು ಅನ್ನಿಸುತ್ತೆ?"

ನನ್ನನ್ನೇ ಯಾಕೆ ಕೇಳಿದಳು ಎಂದು ನನಗೆ ಗೊತ್ತು. ಅದೇ ವರ್ಷ ಬೇಸಿಗೆಯಲ್ಲಿ ನನ್ನ ಮೇಲೂ ಅವಿಶ್ವಾಸ ಗೊತ್ತುವಳಿ ಬಂದಿತ್ತು. ಆಗ ನಾನು ಹೊಳಲ್ಕೆರೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿಗೆ ಅಧ್ಯಕ್ಷೆ. ಊರಿನ ಹೆಸರು ಇಲ್ಲಿ ಬೇಡ. ಅವರೆಲ್ಲ ಅಲ್ಲೇ ಬದುಕಬೇಕು, ನಾನೂ ಅಲ್ಲೇ ಬದುಕಬೇಕು.

ಫೋನಿನಲ್ಲಿ ಅವಳಿಗೆ ಅರ್ಧ ಹೇಳಿದೆ. ಉಳಿದದ್ದು ರಾತ್ರಿಯೆಲ್ಲಾ ತಲೆಯಲ್ಲಿ ಸುತ್ತುತ್ತಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜಾನ್ಸನ್ ಸಣ್ಣ ಗೆಲುವಿನಿಂದ ಬಂದವರಲ್ಲ. 2019ರ ಡಿಸೆಂಬರ್ ಚುನಾವಣೆಯಲ್ಲಿ ಅವರ ಪಕ್ಷಕ್ಕೆ 365 ಸೀಟು ಬಂದಿತ್ತು. ಆಮೇಲೆ ಕೊರೊನಾ ಬಂತು. ಯಾರೂ ಸೇರಬೇಡಿ, ಮನೆಯಲ್ಲೇ ಇರಿ ಎಂದು ದೇಶಕ್ಕೆಲ್ಲ ಹೇಳಿದವರು ಅವರೇ. ಅದೇ ಹೊತ್ತಿನಲ್ಲಿ ಅವರ ಕಚೇರಿ ಇರುವ ಡೌನಿಂಗ್ ಸ್ಟ್ರೀಟ್‌ನಲ್ಲಿ ಪಾರ್ಟಿಗಳು ನಡೆದವು. 2021ರ ಏಪ್ರಿಲ್‌ನಲ್ಲಿ ರಾಣಿ ಎಲಿಜಬೆತ್ ತಮ್ಮ ಗಂಡನ ಅಂತ್ಯಕ್ರಿಯೆಯಲ್ಲಿ ಒಬ್ಬರೇ ಕೂತಿದ್ದ ಫೋಟೋ ನೀವೂ ನೋಡಿರಬೇಕು. ಅದರ ಹಿಂದಿನ ರಾತ್ರಿ ಕೂಡ ಡೌನಿಂಗ್ ಸ್ಟ್ರೀಟ್‌ನಲ್ಲಿ ಸಿಬ್ಬಂದಿ ಕುಡಿದು ಕುಣಿದಿದ್ದರು. ಜಾನ್ಸನ್ ಆ ರಾತ್ರಿ ಅಲ್ಲಿರಲಿಲ್ಲ. ಆದರೆ ಮನೆ ಅವರದು.

ಈ ವಿಷಯ ಓದಿದಾಗ ನನಗೆ ಸಿಟ್ಟಿಗಿಂತ ಸಂಕಟ ಜಾಸ್ತಿ ಆಯಿತು. ನಮ್ಮ ಅತ್ತೆ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ. ತೋಟದಲ್ಲಿ ಮಣ್ಣು ಮಾಡುವಾಗ ಬೆರಳೆಣಿಕೆಯಷ್ಟು ಜನ ಇದ್ದೆವು. ದುರ್ಗದಲ್ಲಿದ್ದ ನಾದಿನಿಗೆ "ಬರಬೇಡಮ್ಮ, ನಾನು ಅಧ್ಯಕ್ಷೆ, ನಾನೇ ನಿಯಮ ಮುರಿದರೆ ಊರಿನವರು ಯಾರೂ ಕೇಳಲ್ಲ" ಎಂದು ಫೋನಿನಲ್ಲಿ ಹೇಳಿದ್ದೆ. ಅವಳು ತಾಯಿಯ ಮುಖವನ್ನು ವಿಡಿಯೊ ಕಾಲ್‌ನಲ್ಲಿ ನೋಡಿದಳು. ಇವತ್ತಿಗೂ ಅವಳು ಆ ಮಾತು ಎತ್ತುವುದಿಲ್ಲ. ಎತ್ತಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಪಾರ್ಟಿಗಳ ಸುದ್ದಿ ಹೊರಗೆ ಬಂದಾಗ ಜಾನ್ಸನ್ ಏನಂದರು? 2021ರ ಡಿಸೆಂಬರ್ 1ರಂದು ಸಂಸತ್ತಿನಲ್ಲಿ, ನಮ್ಮಲ್ಲಿ ಎಲ್ಲ ನಿಯಮ ಪೂರ್ತಿ ಪಾಲಿಸಿದ್ದೇವೆ ಎಂದರು. 2022ರ ಏಪ್ರಿಲ್‌ನಲ್ಲಿ ಪೊಲೀಸರು ಅವರಿಗೇ ದಂಡ ಹಾಕಿದರು. ಅಧಿಕಾರದಲ್ಲಿದ್ದಾಗಲೇ ಕಾನೂನು ಮುರಿದದ್ದಕ್ಕೆ ದಂಡ ತೆತ್ತ ಮೊದಲ ಬ್ರಿಟಿಷ್ ಪ್ರಧಾನಿ ಅವರು. ಒಟ್ಟು 83 ಜನರಿಗೆ 126 ದಂಡ ಬಿತ್ತು. ದಂಡ ಕಟ್ಟಿದರು, ಕ್ಷಮೆ ಕೇಳಿದರು. ಆದರೆ ಡಿಸೆಂಬರ್‌ನಲ್ಲಿ ಆಡಿದ ಮಾತು ಹಾಗೇ ಉಳಿದಿತ್ತು.

ಅವರ ಪಕ್ಷದಲ್ಲಿ ನಾಯಕನನ್ನು ಇಳಿಸುವ ಕ್ರಮ ಮಗಳು ಹೇಳಿದ ಮೇಲೆ ನನಗೆ ಪೂರ್ತಿ ತಿಳಿಯಿತು. 1922 ಕಮಿಟಿ ಎಂದು ಒಂದಿದೆ. ಮಂತ್ರಿಗಿರಿ ಇಲ್ಲದ ಸಾಮಾನ್ಯ ಸಂಸದರ ಕೂಟ ಅದು. ನಾಯಕನ ಮೇಲೆ ನಂಬಿಕೆ ಹೋದವರು ಅದರ ಅಧ್ಯಕ್ಷರಿಗೆ ಒಂದು ಪತ್ರ ಕೊಡಬೇಕು. ಆಗ ಆ ಜಾಗದಲ್ಲಿ ಇದ್ದವರು ಗ್ರಹಾಂ ಬ್ರಾಡಿ. ಆಗಿನ ನಿಯಮದಂತೆ ಪಕ್ಷದ ಸಂಸದರಲ್ಲಿ ನೂರಕ್ಕೆ 15 ಜನ ಬರೆದರೆ ಓಟಿಂಗ್. ಆಗ 359 ಸಂಸದರಿದ್ದರು, 54 ಪತ್ರ ಸಾಕಿತ್ತು. ಎಷ್ಟು ಪತ್ರ ಬಂದಿದೆ ಎಂದು ಬ್ರಾಡಿ ಒಬ್ಬರಿಗೇ ಗೊತ್ತಿತ್ತು. ಓಟು ಕೂಡ ಗುಟ್ಟಾಗಿ. ಪತ್ರ ಬರೆದವನು ಮಾರನೇ ದಿನ ಪ್ರಧಾನಿ ಎದುರಿಗೆ ಕೂತು ಚಹಾ ಕುಡಿಯಬಹುದು.

ನಮ್ಮಲ್ಲಿ ಇದು ವಿಚಿತ್ರ ಎನ್ನಿಸುತ್ತದೆ. ನಮ್ಮ ಶಾಸಕರು, ಸಂಸದರು ಸದನದಲ್ಲಿ ವಿಪ್, ಅಂದರೆ ಪಕ್ಷದ ಆದೇಶ ಮೀರಿ ಓಟು ಹಾಕಿದರೆ ಸದಸ್ಯತ್ವವೇ ಹೋಗುತ್ತದೆ. 1985ರ ಪಕ್ಷಾಂತರ ನಿಷೇಧ ಕಾನೂನು ಅದು. ನಾಯಕ ಯಾರು ಎನ್ನುವುದು ದೆಹಲಿಯಲ್ಲಿ ತೀರ್ಮಾನ ಆಗಿ ಬರುತ್ತದೆ. ಆದರೆ ಗ್ರಾಮ ಪಂಚಾಯ್ತಿಗೆ ನಾವು ಪಕ್ಷದ ಚಿಹ್ನೆ ಇಲ್ಲದೆ ಗೆದ್ದು ಬರುತ್ತೇವೆ. ವಿಪ್ ಕೊಡುವವರು ಯಾರೂ ಇಲ್ಲ. ಒಬ್ಬೊಬ್ಬ ಸದಸ್ಯನೂ ತನ್ನ ಮುಖ ಇಟ್ಟುಕೊಂಡು ಬಂದವನು, ಅದೇ ಮುಖ ಇಟ್ಟುಕೊಂಡು ಮತ್ತೆ ಓಣಿಗೆ ಹೋಗಬೇಕಾದವನು. ಹಾಗಾಗಿ ಲಂಡನ್ನಿನ ಆ ಕೋಣೆಯಲ್ಲಿ ನಡೆದದ್ದು ನಮ್ಮ ವಿಧಾನಸೌಧಕ್ಕಿಂತ ನಮ್ಮ ಪಂಚಾಯ್ತಿ ಕಟ್ಟೆಗೇ ಹತ್ತಿರ ಎಂದು ನನಗನ್ನಿಸಿತು.

ಈಗ ನನ್ನ ತಪ್ಪು ಹೇಳುತ್ತೇನೆ.

2022ರ ಮಾರ್ಚ್‌ನಲ್ಲಿ ಊರ ಕುಡಿಯುವ ನೀರಿನ ಬೋರ್‌ವೆಲ್ ಮೋಟರ್ ಸುಟ್ಟು ಹೋಯಿತು. ನಮ್ಮ ಕಡೆ ಬೇಸಿಗೆಯಲ್ಲಿ ಎರಡು ದಿನ ನೀರಿಲ್ಲ ಅಂದರೆ ಹೆಂಗಸರು ಕೊಡ ಹಿಡಿದು ಪಂಚಾಯ್ತಿ ಬಾಗಿಲಿಗೆ ಬರುತ್ತಾರೆ. ಬರಲೂಬೇಕು. ನಾನು ಅವಸರದಲ್ಲಿ ನಮ್ಮ ಮೈದುನನಿಗೆ ಹೇಳಿದೆ. ಅವನು ಮೋಟರ್ ಕೆಲಸ ಬಲ್ಲವನು. ರಾತ್ರಿಯೇ ಎತ್ತಿಸಿ, ರಿವೈಂಡಿಂಗ್ ಮಾಡಿಸಿ, ಮೂರನೇ ದಿನ ನೀರು ಬಿಟ್ಟ. ಬಿಲ್ 38 ಸಾವಿರ ಆಯಿತು. ಒಂದು ರೂಪಾಯಿ ಹೆಚ್ಚಿಗೆ ಹಾಕಿರಲಿಲ್ಲ. ಆದರೆ ಸ್ವಂತ ಮೈದುನನಿಗೆ ಕೆಲಸ ಕೊಟ್ಟದ್ದನ್ನು ಸದಸ್ಯರ ಮುಂದೆ ನಾನು ಹೇಳಿರಲಿಲ್ಲ.

ಗ್ರಾಮಸಭೆಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೆಲಸ ಮಾಡಿದ್ದು ಯಾರು ಎಂದು ಕೇಳಿದ. ಆ ಕ್ಷಣಕ್ಕೆ ನನ್ನ ಬಾಯಿಂದ ಬಂದದ್ದು, "ಅದೆಲ್ಲ ಆಫೀಸಿನವರು ನೋಡಿಕೊಂಡಿದ್ದು, ನನಗೆ ಗೊತ್ತಿಲ್ಲ." ಯಾಕೆ ಹಾಗೆ ಹೇಳಿದೆ? ಹೆದರಿಕೆ, ಅಷ್ಟೇ. ಎದುರಿಗೆ ಇನ್ನೂರು ಜನ ಕೂತಿದ್ದರು.

ಅಷ್ಟರಲ್ಲಿ ನನ್ನ ಪಕ್ಕದಿಂದ ಒಬ್ಬ ಸದಸ್ಯೆ ಎದ್ದರು. ನನಗಿಂತ 20 ವರ್ಷ ದೊಡ್ಡವರು, ನಾನು ಅಕ್ಕ ಎನ್ನುತ್ತಿದ್ದೆ. "ನಮ್ಮ ಅಧ್ಯಕ್ಷೆ ಅಂಥವಳಲ್ಲ. ಅವಳು ಗೊತ್ತಿಲ್ಲ ಅಂದರೆ ಗೊತ್ತಿಲ್ಲ. ನಾನು ಮಾತು ಕೊಡ್ತೀನಿ" ಎಂದು ಸಭೆಗೆ ಹೇಳಿದರು. ನಾನು ಸುಮ್ಮನೆ ಕೂತಿದ್ದೆ.

ನಾಲ್ಕು ದಿನಕ್ಕೆ ಬಿಲ್ಲಿನ ಪ್ರತಿ ಊರೆಲ್ಲ ಓಡಾಡಿತು.

ಅಕ್ಕ ನನ್ನ ಮನೆಗೆ ಬಂದು ಬಯ್ಯಲಿಲ್ಲ. ಬಂದಿದ್ದರೆ ಕಾಲು ಹಿಡಿದು ಕ್ಷಮೆ ಕೇಳುತ್ತಿದ್ದೆ. ಅವಿಶ್ವಾಸದ ನೋಟಿಸ್ ಬಂದಾಗ ಸಹಿಗಳನ್ನು ಒಂದೊಂದಾಗಿ ನೋಡಿದೆ. ನನಗೆ ಮೊದಲಿಂದ ಆಗದವರ ಸಹಿ ನೋಡಿ ಏನೂ ಅನ್ನಿಸಲಿಲ್ಲ. ನಾಲ್ಕನೇ ಸಹಿ ಅಕ್ಕನದು. ಹೆಬ್ಬೆಟ್ಟು ಬಿಟ್ಟು ಸಹಿ ಮಾಡಲು ಅವರಿಗೆ ಕಲಿಸಿದವಳು ನಾನೇ.

ಆಮೇಲಿನದು ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಕಥೆ. ಒಂಬತ್ತು ಜನರನ್ನು ಟೆಂಪೊ ಟ್ರಾವೆಲರ್‌ನಲ್ಲಿ ಧರ್ಮಸ್ಥಳಕ್ಕೆ ಕರೆದುಕೊಂಡು ಹೋದರು. ಸಭೆಯ ದಿನ ನೇರವಾಗಿ ಪಂಚಾಯ್ತಿ ಬಾಗಿಲಿಗೇ ತಂದು ಇಳಿಸಿದರು. ದುರ್ಗದಿಂದ ಎಸಿ (ಉಪವಿಭಾಗಾಧಿಕಾರಿ) ಸಾಹೇಬರು ಬಂದಿದ್ದರು. ಒಟ್ಟು ಸದಸ್ಯರು 15. ಇಳಿಸಲು ಮೂರರಲ್ಲಿ ಎರಡು ಪಾಲು, ಅಂದರೆ 10 ಓಟು ಬೇಕು. ವಿರುದ್ಧ ಬಿದ್ದದ್ದು ಒಂಬತ್ತೇ. ಗೊತ್ತುವಳಿ ಬಿತ್ತು. ಹೊರಗೆ ನಮ್ಮವರು ಪಟಾಕಿ ಹೊಡೆದರು, ನನಗೆ ಹಾರ ಹಾಕಿದರು. ಅಕ್ಕ ಚಪ್ಪಲಿ ಹಾಕಿಕೊಂಡು ನನ್ನ ಮುಂದೆಯೇ ನಡೆದು ಹೋದರು.

ಆ ದಿನ ಮನೆಗೆ ಬಂದು ಲೆಕ್ಕ ಹಾಕಿದೆ. 15ರಲ್ಲಿ 9 ಜನಕ್ಕೆ ನಾನು ಬೇಡ. ಕಾನೂನು ನನ್ನನ್ನು ಕೂರಿಸಿದೆ, ಜನ ಕೂರಿಸಿಲ್ಲ.

ಮುಂದಿನ ಸಭೆಗೆ ನಾಲ್ಕು ಜನ ಬಂದರು. ಕೋರಂ ಇಲ್ಲ. ಅದರ ಮುಂದಿನದಕ್ಕೆ ಐದು. ನನ್ನ ಪರ ಇದ್ದವರೂ ಫೋನ್ ಎತ್ತುವುದು ಕಡಿಮೆ ಆಯಿತು. ಅವರಿಗೆ ನನ್ನ ಮೇಲೆ ದ್ವೇಷ ಇರಲಿಲ್ಲ. ನನ್ನ ಜೊತೆ ನಿಂತರೆ ನಾಳೆ ಯಾವ ಮಾತಿಗೆ ಸಿಕ್ಕಿಬೀಳುತ್ತೇವೋ ಎಂಬ ಭಯ ಇತ್ತು. ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟೆ.

ಜಾನ್ಸನ್ ವಿಷಯದಲ್ಲೂ ನಾನು ನೋಡುವುದು ಇದನ್ನೇ. ಜೂನ್ 6ರಂದು 148 ಜನ ಬೇಡ ಅಂದರೂ ಅವರು ಉಳಿದರು. ಜೂನ್ 23ರ ಎರಡು ಉಪಚುನಾವಣೆಗಳಲ್ಲಿ ಪಕ್ಷ ಸೋತಿತು. ಟಿವರ್ಟನ್ ಅಂಡ್ ಹೊನಿಟನ್ ಎಂಬಲ್ಲಿ 24 ಸಾವಿರಕ್ಕೂ ಜಾಸ್ತಿ ಅಂತರದಿಂದ ಗೆದ್ದಿದ್ದ ಸೀಟು ಕೈಬಿಟ್ಟಿತು. ಆಗಲೂ ಉಳಿದರು. ಕೆಡವಿದ್ದು ಕ್ರಿಸ್ ಪಿಂಚರ್ ವಿಷಯ. ಈತ ಪಕ್ಷದ ಉಪ ಮುಖ್ಯ ಸಚೇತಕ. ಕ್ಲಬ್ಬೊಂದರಲ್ಲಿ ಇಬ್ಬರು ಗಂಡಸರ ಮೈ ಮುಟ್ಟಿದ ಆರೋಪ ಬಂದು ಜೂನ್ 30ರಂದು ಆ ಹುದ್ದೆ ಬಿಟ್ಟ. ಅವನ ಹಳೇ ನಡತೆ ಪ್ರಧಾನಿಗೆ ಮೊದಲೇ ಗೊತ್ತಿತ್ತಾ ಎಂಬ ಪ್ರಶ್ನೆ ಎದ್ದಿತು. ಗೊತ್ತಿರಲಿಲ್ಲ ಎಂದು ಹೇಳಲು ಮಂತ್ರಿಗಳನ್ನು ಟಿವಿಗೆ ಕಳಿಸಿದರು. ದಿನಕ್ಕೊಂದು ಥರ ಉತ್ತರ. ಜುಲೈ 5ರ ಬೆಳಿಗ್ಗೆ ಸೈಮನ್ ಮೆಕ್‌ಡೊನಾಲ್ಡ್ ಎಂಬ ನಿವೃತ್ತ ಹಿರಿಯ ಅಧಿಕಾರಿ ಪತ್ರ ಬರೆದು, ಪ್ರಧಾನಿಗೆ ಹಿಂದೆಯೇ ನೇರವಾಗಿ ತಿಳಿಸಲಾಗಿತ್ತು ಎಂದರು.

ಟಿವಿ ಮುಂದೆ ಕೂತು "ನಮ್ಮ ನಾಯಕರಿಗೆ ಗೊತ್ತಿರಲಿಲ್ಲ" ಎಂದು ಮಾತು ಕೊಟ್ಟಿದ್ದ ಆ ಮಂತ್ರಿಗಳನ್ನು ನೆನೆಸಿಕೊಂಡರೆ ನನಗೆ ನಮ್ಮ ಅಕ್ಕ ಕಾಣುತ್ತಾರೆ.

ಅದೇ ಸಂಜೆ ಆರೋಗ್ಯ ಮಂತ್ರಿ ಸಾಜಿದ್ ಜಾವಿದ್, ಹಣಕಾಸು ಮಂತ್ರಿ ರಿಷಿ ಸುನಕ್ ಕೆಲವೇ ನಿಮಿಷಗಳ ಅಂತರದಲ್ಲಿ ರಾಜೀನಾಮೆ ಕೊಟ್ಟರು. ಎರಡು ದಿನದಲ್ಲಿ 50ಕ್ಕೂ ಹೆಚ್ಚು ಮಂತ್ರಿಗಳು, ಸಹಾಯಕರು ಬಿಟ್ಟು ನಡೆದರು. ಸುನಕ್ ಜಾಗಕ್ಕೆ ಜುಲೈ 5ರ ರಾತ್ರಿ ಹಣಕಾಸು ಮಂತ್ರಿಯಾದ ನಾಧಿಮ್ ಜಹಾವಿ ಜುಲೈ 7ರ ಬೆಳಿಗ್ಗೆ ನೀವು ಹೋಗಿ ಎಂದು ಬರೆದರು. ಆ ಮಧ್ಯಾಹ್ನ ಜಾನ್ಸನ್ ಮನೆ ಬಾಗಿಲಲ್ಲಿ ನಿಂತು ತಾನು ಹೋಗುವುದಾಗಿ ಸಾರಿ, ಹಿಂಡು ಹೊರಟರೆ ಹೊರಟೇಬಿಡುತ್ತದೆ ಎಂಬರ್ಥದ ಮಾತು ಹೇಳಿದರು. ಈ ಮಾತು ನನಗೆ ಹಿಡಿಸಲಿಲ್ಲ. ನಮ್ಮ ತೋಟದಲ್ಲಿ ವರ್ಷವೂ ಕುರಿ ಮಂದೆ ಬಂದು ನಿಲ್ಲುತ್ತದೆ. ಕುರಿ ಸುಮ್ನೆ ಏಳುವುದಿಲ್ಲ. ಕಾಯುವವನ ದನಿಯ ಮೇಲೆ ನಂಬಿಕೆ ತಪ್ಪಿದಾಗ ಏಳುತ್ತವೆ.

ಸೆಪ್ಟೆಂಬರ್ 6ಕ್ಕೆ ಅವರು ಅಧಿಕಾರ ಬಿಟ್ಟರು. ನಮ್ಮ ಮಾರಿಕಣಿವೆ ಡ್ಯಾಂ 1933ರ ನಂತರ ಮೊದಲ ಸಲ ಕೋಡಿ ಬಿದ್ದದ್ದೂ ಆ ದಿನಗಳಲ್ಲೇ. ಊರೆಲ್ಲ ಹಿರಿಯೂರಿನ ಕಡೆ ನೀರು ನೋಡಲು ಹೋಗಿತ್ತು. ನಾನು ಮಾತ್ರ ಖಾಲಿ ಪಂಚಾಯ್ತಿಯಲ್ಲಿ ಕೂತಿದ್ದೆ.

ಹಗರಣ ಇಲ್ಲದಿದ್ದರೂ ಗೆದ್ದು ಸೋತ ಪ್ರಧಾನಿಗಳು ಅಲ್ಲಿ ಇದ್ದಾರೆ. 1990ರ ನವೆಂಬರ್‌ನಲ್ಲಿ ಮಾರ್ಗರೆಟ್ ಥ್ಯಾಚರ್‌ಗೆ 204 ಓಟು, ಎದುರಾಳಿ ಹೆಸಲ್ಟೈನ್‌ಗೆ 152. ಆಗಿನ ನಿಯಮದ ಪ್ರಕಾರ ಇನ್ನೂ ನಾಲ್ಕು ಓಟು ಜಾಸ್ತಿ ಬೇಕಿತ್ತು. ಎರಡನೇ ಸುತ್ತಿಗೆ ನಿಲ್ಲುತ್ತೇನೆ ಎಂದರು. ಮಂತ್ರಿಗಳು ಒಬ್ಬೊಬ್ಬರಾಗಿ ಒಳಗೆ ಹೋಗಿ ಮಾತಾಡಿ ಬಂದರು. ಬೆಳಗಾಗುವಷ್ಟರಲ್ಲಿ ಅವರ ಮನಸ್ಸು ಬದಲಾಗಿತ್ತು. ತೆರೇಸಾ ಮೇ 2018ರ ಡಿಸೆಂಬರ್‌ನಲ್ಲಿ 200-117ರಿಂದ ಗೆದ್ದರು, ಮುಂದಿನ ಜುಲೈಗೆ ಹೊರಗೆ.

"ಹಾಗಾದರೆ ಉಳಿದವರೇ ಇಲ್ವಾ ಅಮ್ಮಾ?" ಎಂದಳು ಮಗಳು. ಇದ್ದಾರೆ. ಅದಕ್ಕೆ ಬ್ರಿಟನ್ನಿಗೆ ಹೋಗಬೇಕಾಗಿಲ್ಲ. ದುರ್ಗದ ಹತ್ತಿರ ಹೈವೇಯಲ್ಲಿ ಸೀಬಾರದ ನಿಜಲಿಂಗಪ್ಪನವರ ಸ್ಮಾರಕದ ಮುಂದೆ ಅವಳು ಎಷ್ಟು ಸಲ ಬಸ್ಸಿನಲ್ಲಿ ಹೋಗಿಲ್ಲ! 1969ರ ನವೆಂಬರ್ 12ರಂದು ಕಾಂಗ್ರೆಸ್ ಅಧ್ಯಕ್ಷರಾಗಿ, ಪ್ರಧಾನಿಯಾಗಿದ್ದ ಇಂದಿರಾ ಗಾಂಧಿಯನ್ನೇ ಪಕ್ಷದಿಂದ ಹೊರಗೆ ಹಾಕಿದವರು ಅವರು. ಪಕ್ಷದ ಅಧ್ಯಕ್ಷಗಿರಿ ನಿಜಲಿಂಗಪ್ಪನವರ ಕೈಯಲ್ಲಿತ್ತು. ಆದರೆ ಸಂಸದರಲ್ಲಿ ಹೆಚ್ಚಿನವರು ಇಂದಿರಾ ಕಡೆ ಹೋದರು. 1971ರ ಚುನಾವಣೆಯಲ್ಲಿ ಇಂದಿರಾ ಪಕ್ಷಕ್ಕೆ 352 ಸೀಟು, ಇವರ ಕಡೆಗೆ 16. ನಮ್ಮ ಮಾವ ಸಾಯುವವರೆಗೂ ನಿಜಲಿಂಗಪ್ಪನವರ ಪರವೇ ಇದ್ದರು. ಅವರದು ಸತ್ಯವಂತರ ಸೋಲು ಎನ್ನುತ್ತಿದ್ದರು. ನನಗೂ ಆ ಹಿರಿಯರ ಮೇಲೆ ಗೌರವ ಇದೆ. ಆದರೆ ಇಂದಿರಾ ಜೊತೆ ಹೋದವರಿಗೆ ಅವತ್ತು ನಾಯಕಿಗಾಗಿ ಸುಳ್ಳು ಹೇಳಬೇಕಾಗಿರಲಿಲ್ಲ. ಬ್ಯಾಂಕ್ ರಾಷ್ಟ್ರೀಕರಣ ಎಂದು ಹೇಳಿಕೊಂಡು ಜನರ ಮುಂದೆ ತಲೆ ಎತ್ತಿ ಓಟು ಕೇಳಬಹುದಿತ್ತು.

ಅದಕ್ಕೇ ಮಗಳಿಗೆ ಹೇಳಿದೆ. ಓಟಿನ ಲೆಕ್ಕ ಒಂದು ಸಾಲಿನಲ್ಲಿ ಮುಗಿಸು. ಜೂನ್ 6ಕ್ಕಿಂತ ಜುಲೈ 5ನ್ನು ಜಾಸ್ತಿ ಹೇಳು. ವಿರೋಧ ಓಟು ಹಾಕಿದ 148 ಜನರನ್ನು ಜಾನ್ಸನ್ ತಡೆದುಕೊಂಡರು. ಪರವಾಗಿ ಮಾತಾಡಿ ಮುಖ ಕಳೆದುಕೊಂಡವರನ್ನು ತಡೆದುಕೊಳ್ಳಲು ಆಗಲಿಲ್ಲ. 2023ರಲ್ಲಿ ಸಂಸತ್ತಿನ ಸಮಿತಿಯೇ ಅವರು ಬೇಕೆಂದೇ ಸದನದ ದಾರಿ ತಪ್ಪಿಸಿದರು ಎಂದು ವರದಿ ಕೊಟ್ಟಿತು. ಅಷ್ಟರಲ್ಲಿ ಅವರು ಸಂಸದ ಸ್ಥಾನವನ್ನೂ ಬಿಟ್ಟಿದ್ದರು.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು, "ಅಮ್ಮಾ, ಸೆಮಿನಾರ್‌ನಲ್ಲಿ ನಿನ್ನ ಕಥೆ ಹೇಳಲಾ? ಹೆಸರು ಹೇಳಲ್ಲ."

"ಹೇಳು" ಅಂದೆ. "ಒಂಬತ್ತು ಓಟು, ಧರ್ಮಸ್ಥಳ, ಪಟಾಕಿ ಎಲ್ಲ ಬೇಕಾದರೆ ಬಿಡು. ಗ್ರಾಮಸಭೆಯಲ್ಲಿ ಅಕ್ಕ ಎದ್ದು ನಿಂತಾಗ ನಾನು ಸುಮ್ಮನೆ ಕೂತಿದ್ದನ್ನು ಮಾತ್ರ ಬಿಡಬೇಡ."